ಜೋಹಾನ್ಸ್‌ಬರ್ಗ್‌ನ ಸಂಬಳ, ಜಿಂಬಾಬ್ವೆಯ ಒಲೆ: ಪದೇ ಪದೇ ಕೇಳುವ ಪ್ರಶ್ನೆಗಳು

ಆಫ್ರಿಕಾ ಐವತ್ತಕ್ಕೂ ಹೆಚ್ಚು ದೇಶಗಳ ಖಂಡ. ಅಲ್ಲಿನ ವಲಸೆಯನ್ನೆಲ್ಲ ಒಂದೇ ಪುಟದಲ್ಲಿ ಹೇಳಹೊರಟರೆ ಯಾವುದನ್ನೂ ಸರಿಯಾಗಿ ಹೇಳಿದಂತಾಗುವುದಿಲ್ಲ. ಆದ್ದರಿಂದ ಇಲ್ಲಿ ಮುಖ್ಯವಾಗಿ ಒಂದೇ ದಾರಿಯನ್ನು ಹಿಡಿದಿದ್ದೇನೆ: ದಕ್ಷಿಣ ಆಫ್ರಿಕಾದಲ್ಲಿ ದುಡಿಯುವ ಜಿಂಬಾಬ್ವೆಯವರು, ಅವರು ಊರಿಗೆ ಕಳುಹಿಸುವ ಹಣ ಮತ್ತು ದಿನಸಿ, ಕಳುಹಿಸಿದ ಮೇಲೆ ಅವರ ತಟ್ಟೆಯಲ್ಲಿ ಉಳಿಯುವುದು. ಲೆಸೊಥೊ, ಸೊಮಾಲಿಯಾ, ಮಾಲಿ, ನೈಜೀರಿಯಾ ಬೇಕಾದಲ್ಲಿ ಬಂದುಹೋಗುತ್ತವೆ.

ಆಫ್ರಿಕಾದ ವಲಸಿಗರೆಂದರೆ ಮೆಡಿಟರೇನಿಯನ್ ಸಮುದ್ರದಲ್ಲಿ ದೋಣಿ ಹತ್ತುವವರಲ್ಲವೇ?

ಟಿ.ವಿ.ಯಲ್ಲಿ ಕಾಣುವವರು ಅವರು. ವಿಶ್ವಸಂಸ್ಥೆಯ 2020ರ ಅಂದಾಜಿನಂತೆ ಸುಮಾರು 2.1 ಕೋಟಿ ಆಫ್ರಿಕನ್ನರು ತಮ್ಮ ದೇಶ ಬಿಟ್ಟು ಆಫ್ರಿಕಾದ್ದೇ ಇನ್ನೊಂದು ದೇಶದಲ್ಲಿ ನೆಲೆಸಿದ್ದರು. ಖಂಡ ದಾಟಿ ಹೋದವರು ಅದಕ್ಕಿಂತ ತುಸು ಕಡಿಮೆ. ಬುರ್ಕಿನಾ ಫಾಸೊದವರು ಐವರಿ ಕೋಸ್ಟ್‌ನ ಕೋಕೋ ತೋಟಗಳಿಗೆ ಹೋಗುತ್ತಾರೆ, ಲೆಸೊಥೊದವರು ದಕ್ಷಿಣ ಆಫ್ರಿಕಾದ ಗಣಿಗಳಿಗೆ ಹೋಗುತ್ತಾರೆ. ಬಸ್ಸಿನಲ್ಲಿ, ಲಾರಿಯಲ್ಲಿ, ಕೆಲವೊಮ್ಮೆ ಕಾಲ್ನಡಿಗೆಯಲ್ಲಿ.

ದಕ್ಷಿಣ ಆಫ್ರಿಕಾದ 2022ರ ಜನಗಣತಿಯಲ್ಲಿ ಹೊರದೇಶದಲ್ಲಿ ಹುಟ್ಟಿದವರು ಸುಮಾರು 24 ಲಕ್ಷ ಮಂದಿ ಸಿಕ್ಕರು. ಅವರಲ್ಲಿ ಜಿಂಬಾಬ್ವೆಯವರೇ ಹತ್ತು ಲಕ್ಷಕ್ಕೂ ಹೆಚ್ಚು. ಕಾಗದಪತ್ರ ಇಲ್ಲದವರು ಗಣತಿಯವರು ಬಂದಾಗ ಬಾಗಿಲು ತೆರೆಯಲು ಹಿಂಜರಿಯುತ್ತಾರೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಸಂಖ್ಯೆಯನ್ನು ಓದಬೇಕು.

ಜಿಂಬಾಬ್ವೆಯವರು ಊರು ಬಿಟ್ಟದ್ದು ಏಕೆ?

ಹೋಗಿಬರುವ ರೂಢಿ ಹೊಸದಲ್ಲ. 1886ರಲ್ಲಿ ಇಂದಿನ ಜೋಹಾನ್ಸ್‌ಬರ್ಗ್ ಇರುವ ವಿಟ್‌ವಾಟರ್ಸ್‌ರಾಂಡ್ ಸೀಮೆಯಲ್ಲಿ ಚಿನ್ನ ಸಿಕ್ಕಂದಿನಿಂದ ಸುತ್ತಲಿನ ದೇಶಗಳ ಗಂಡಸರನ್ನು ಗಣಿ ಕಂಪನಿಗಳು ಕರಾರಿನ ಮೇಲೆ ಕರೆಸಿಕೊಳ್ಳುತ್ತಿದ್ದವು. ಆದರೆ ಮನೆಮನೆಯಿಂದ ಒಬ್ಬರಾದರೂ ಹೊರಟು ನಿಂತದ್ದು 2000ದ ನಂತರ.

ಆ ವರ್ಷ ಬಿಳಿಯ ರೈತರ ದೊಡ್ಡ ಹಿಡುವಳಿಗಳನ್ನು ತರಾತುರಿಯಲ್ಲಿ ವಶಪಡಿಸಿಕೊಂಡು ಹಂಚಲಾಯಿತು. ಭೂಮಿ ಹಂಚಬೇಕಾದದ್ದು ನ್ಯಾಯವೇ. ಹಂಚಿದ ರೀತಿಯಲ್ಲಿ ಬೀಜ, ಸಾಲ, ನೀರಾವರಿ ಎಲ್ಲವೂ ಕೈತಪ್ಪಿದವು. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಲಕ್ಷಾಂತರ ಮಂದಿ ಬೀದಿಗೆ ಬಿದ್ದರು. 2002ರಲ್ಲಿ ಬರ ಬಂತು. ಸರ್ಕಾರ ನೋಟು ಮುದ್ರಿಸುತ್ತಾ ಹೋಯಿತು. 2007ರ ಮಧ್ಯದಲ್ಲಿ ಅಂಗಡಿಗಳಿಗೆ ಬೆಲೆಯನ್ನು ಅರ್ಧಕ್ಕಿಳಿಸುವಂತೆ ಆದೇಶ ಹೊರಟಿತು. ಕೆಲವೇ ದಿನಗಳಲ್ಲಿ ಕಪಾಟುಗಳು ಖಾಲಿಯಾದವು, ಮತ್ತೆ ತುಂಬಲಿಲ್ಲ. 2008ರ ನವೆಂಬರ್‌ನಲ್ಲಿ ಹಣದುಬ್ಬರ ಒಂದೇ ತಿಂಗಳಲ್ಲಿ ಶೇ. 7,960 ಕೋಟಿ ತಲುಪಿತ್ತು ಎಂದು ಅಂದಾಜು. 2009ರ ಜನವರಿಯಲ್ಲಿ ನೂರು ಲಕ್ಷ ಕೋಟಿ ಜಿಂಬಾಬ್ವೆ ಡಾಲರ್‌ನ ನೋಟು ಬಂತು. ಅದೇ ವರ್ಷ ದೇಶ ತನ್ನ ನಾಣ್ಯವನ್ನೇ ಕೈಬಿಟ್ಟು ಅಮೆರಿಕದ ಡಾಲರ್ ಮತ್ತು ದಕ್ಷಿಣ ಆಫ್ರಿಕಾದ ರಾಂಡ್ ಬಳಸತೊಡಗಿತು. ಮುಂದೆ ಅಮೆರಿಕದ ಡಾಲರ್‌ಗೆ ಸಮವೆಂದು ಹೊರಡಿಸಿದ ಬಾಂಡ್ ನೋಟು, 2019ರಲ್ಲಿ ಮತ್ತೆ ಸ್ವಂತ ಡಾಲರ್, 2024ರ ಏಪ್ರಿಲ್‌ನಲ್ಲಿ 'ಜಿಗ್' ಎಂಬ ಇನ್ನೊಂದು ನಾಣ್ಯ. ಇಷ್ಟು ಸಲ ಹಣ ಬದಲಾದ ದೇಶದಲ್ಲಿ ಜನ ನಂಬುವುದು ಹಿಟ್ಟಿನ ಚೀಲವನ್ನು.

ಒಟ್ಟು ಎಷ್ಟು ಹಣ ಹೋಗುತ್ತದೆ?

ವಿಶ್ವಬ್ಯಾಂಕಿನ ಲೆಕ್ಕದಂತೆ 2023ರಲ್ಲಿ ಸಹಾರಾದ ದಕ್ಷಿಣದ ಆಫ್ರಿಕಾಕ್ಕೆ ಹೊರಗೆ ದುಡಿಯುವವರಿಂದ ಸುಮಾರು 5,400 ಕೋಟಿ ಡಾಲರ್ ಬಂತು. ಅದರಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ನೈಜೀರಿಯಾದ್ದು. ಅದೇ ವರ್ಷ ಭಾರತವೊಂದಕ್ಕೇ ಬಂದದ್ದು ಸುಮಾರು 12,000 ಕೋಟಿ ಡಾಲರ್. ಜಿಂಬಾಬ್ವೆಗೆ ಹೊರಗಿರುವ ತನ್ನ ಜನರಿಂದ ಸೇರಿದ್ದು ಸುಮಾರು 180 ಕೋಟಿ ಡಾಲರ್. ಮೊತ್ತ ಚಿಕ್ಕದಾಗಿ ಕಂಡರೂ ಒಂದೂವರೆ ಕೋಟಿ ಚಿಲ್ಲರೆ ಜನರ ದೇಶಕ್ಕೆ ಅದು ದೊಡ್ಡದು.

ಈ ಅಂಕಿಯಲ್ಲಿ ಒಂದು ತಮಾಷೆ ಇದೆ. 2020ರಲ್ಲಿ ಕೊರೊನಾದಿಂದ ಜಗತ್ತೇ ನಿಂತಾಗ, ದಕ್ಷಿಣ ಆಫ್ರಿಕಾದಲ್ಲಿ ವಲಸಿಗರು ಕೆಲಸ ಕಳೆದುಕೊಂಡು ಕೂತಾಗ, ಜಿಂಬಾಬ್ವೆಗೆ ಬಂದ ಹಣ ಅರ್ಧಕ್ಕಿಂತ ಹೆಚ್ಚು ಏರಿ 100 ಕೋಟಿ ಡಾಲರ್ ಮುಟ್ಟಿತೆಂದು ಅಲ್ಲಿನ ರಿಸರ್ವ್ ಬ್ಯಾಂಕ್ ಹೇಳಿತು. ಜನ ಇದ್ದಕ್ಕಿದ್ದಂತೆ ಉದಾರಿಗಳಾದರೇ? ಮುಖ್ಯ ಕಾರಣ ಗಡಿ ಮುಚ್ಚಿದ್ದು. ಅಲ್ಲಿಯವರೆಗೆ ವ್ಯಾನಿನ ಸೀಟಿನಡಿ, ಒಳಜೇಬಿನಲ್ಲಿ, ಹಿಟ್ಟಿನ ಚೀಲದ ರೂಪದಲ್ಲಿ ಹೋಗುತ್ತಿದ್ದದ್ದು ಅನಿವಾರ್ಯವಾಗಿ ಬ್ಯಾಂಕು, ಮೊಬೈಲಿನ ದಾರಿ ಹಿಡಿಯಿತು, ಲೆಕ್ಕಕ್ಕೆ ಸಿಕ್ಕಿತು. ಅದಕ್ಕೆ ಮುಂಚಿನ ಅಂಕಿಗಳು ಎಷ್ಟನ್ನು ಬಿಟ್ಟಿದ್ದವು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಹಣ ಕಳುಹಿಸಿದರೆ ಸಾಲದೇ? ದಿನಸಿ ಹೊತ್ತು ಕಳುಹಿಸುವುದೇಕೆ?

2008ರಲ್ಲಿ ಇದಕ್ಕೆ ಉತ್ತರ ಸರಳವಾಗಿತ್ತು: ಹಣವಿದ್ದರೂ ಕೊಳ್ಳಲು ಏನೂ ಇರಲಿಲ್ಲ. ಜಿಂಬಾಬ್ವೆಯ ಬುಲವಾಯೊ ನಗರದ ಅಂಗಡಿಯಲ್ಲಿ ಸಿಗದ ಎಣ್ಣೆ ಗಡಿಯಾಚೆಯ ಮುಸಿನಾ ಪಟ್ಟಣದಲ್ಲಿ ಸಿಗುತ್ತಿತ್ತು. ಈಗ ರಾಜಧಾನಿ ಹರಾರೆಯ ಅಂಗಡಿಗಳು ತುಂಬಿವೆ, ಆದರೂ ರೂಢಿ ನಿಂತಿಲ್ಲ.

ಬೆಲೆ ಒಂದು ಕಾರಣ. ಎಣ್ಣೆ, ಸಕ್ಕರೆ, ಸಾಬೂನು ಬಹುಪಾಲು ವರ್ಷಗಳಲ್ಲಿ ದಕ್ಷಿಣ ಆಫ್ರಿಕಾದಲ್ಲಿಯೇ ಅಗ್ಗ. ಇನ್ನೊಂದು ಕಾರಣವನ್ನು ಯಾರೂ ಸಮೀಕ್ಷೆಯವರೆದುರು ಬಾಯಿಬಿಟ್ಟು ಹೇಳುವುದಿಲ್ಲ. ಹಣ ಕೈಗೆ ಬಂದರೆ ಅದರ ಮೇಲೆ ಹತ್ತು ಕಣ್ಣು ಬೀಳುತ್ತವೆ: ಮಾವನ ಸಾಲ, ಮೈದುನನ ಮೊಬೈಲ್, ಚರ್ಚಿನ ವಂತಿಗೆ. ಹತ್ತು ಕಿಲೊ ಹಿಟ್ಟು ಮನೆಗೆ ಬಂದರೆ ಅದು ಪಾತ್ರೆಗೇ ಹೋಗುತ್ತದೆ. ದೂರದಲ್ಲಿ ಕೂತ ತಾಯಿ ತನ್ನ ಮಗು ಇವತ್ತು ಉಂಡಿತೆಂದು ಖಾತ್ರಿ ಮಾಡಿಕೊಳ್ಳುವ ಬಗೆ ಅದು.

ಈಗ ಇದಕ್ಕೆ ಹೊಸ ರೂಪವೂ ಬಂದಿದೆ. ಮುಕುರು, ಮಲಾಯಿಚಾ ಡಾಟ್ ಕಾಮ್‌ನಂಥ ಕಂಪನಿಗಳಿಗೆ ಜೋಹಾನ್ಸ್‌ಬರ್ಗ್‌ನಲ್ಲಿ ರಾಂಡ್ ಕಟ್ಟಿದರೆ ಜಿಂಬಾಬ್ವೆಯ ಉಗ್ರಾಣದಲ್ಲಿ ಮನೆಯವರು ದಿನಸಿಯ ಗಂಟು ಪಡೆಯಬಹುದು. ಗಡಿ ದಾಟುವುದು ಮೊಬೈಲಿನ ಸಂದೇಶ ಮಾತ್ರ.

ಮಲಾಯಿಚಾ ಎಂದರೆ ಯಾರು?

ಗಡಿಯಾಚೆಗೆ ಸಾಮಾನು, ಹಣ, ಕೆಲವೊಮ್ಮೆ ಮನುಷ್ಯರನ್ನೂ ಸಾಗಿಸುವ ವ್ಯಾನಿನವರು. ಜಿಂಬಾಬ್ವೆಯ ದಕ್ಷಿಣ ಭಾಗದ ಎಂಡೆಬೆಲೆ ಮಾತಾಡುವ ಜನ ಇವರನ್ನು ಕರೆಯುವ ಹೆಸರು ಇದು. ಮೇಲಿನ ಕಂಪನಿ ಅದನ್ನೇ ತನ್ನದಾಗಿಸಿಕೊಂಡಿದೆ.

ತಿಂಗಳ ಕೊನೆಯ ಸಂಜೆ ಜೋಹಾನ್ಸ್‌ಬರ್ಗ್‌ನ ಯಾವುದೋ ಬೀದಿಯಲ್ಲಿ ವ್ಯಾನ್ ನಿಂತಿರುತ್ತದೆ, ಹಿಂದೆ ಟ್ರೈಲರ್. ಕೆಂಪು ನೀಲಿ ಚೌಕುಳಿಯ ಪ್ಲಾಸ್ಟಿಕ್ ಚೀಲಗಳು ಒಂದರ ಮೇಲೊಂದು ಏರುತ್ತವೆ. ಒಂದು ಚೀಲದಲ್ಲಿ ಹತ್ತು ಕಿಲೊ ಮೆಕ್ಕೆಜೋಳದ ಹಿಟ್ಟು, ಎರಡು ಲೀಟರ್ ಎಣ್ಣೆ, ಸಕ್ಕರೆ, ಅಕ್ಕಿ, ಉಪ್ಪು, ಉದ್ದನೆಯ ಬಟ್ಟೆ ಸಾಬೂನಿನ ದಿಂಡು, ಮೋಂಬತ್ತಿ, ಸಂದುಗಳಲ್ಲಿ ತುರುಕಿದ ಶಾಲೆಯ ಕಾಲುಚೀಲ. ಮೇಲೆ ದಪ್ಪ ಮಾರ್ಕರ್‌ನಲ್ಲಿ ಪಡೆಯುವವರ ಹೆಸರು, ಊರು. ಅದರ ಮೇಲೆ ಪ್ಲಾಸ್ಟಿಕ್ ಕುರ್ಚಿ, ಹಾಸಿಗೆ, ಎಲ್ಲಕ್ಕೂ ಮೇಲೆ ಟಾರ್ಪಾಲು, ಹಗ್ಗ. ವ್ಯಾನ್ ರಾತ್ರಿಯಿಡೀ ಓಡಿ ಲಿಂಪೊಪೊ ನದಿಯ ಮೇಲಿನ ಬೈಟ್‌ಬ್ರಿಜ್ ಗಡಿ ಸೇರುತ್ತದೆ. ಡಿಸೆಂಬರ್‌ನಲ್ಲಿ ಅಲ್ಲಿನ ಸಾಲು ಕಿಲೊಮೀಟರ್‌ಗಟ್ಟಲೆ.

ರಶೀದಿ ಇಲ್ಲ, ವಿಮೆ ಇಲ್ಲ. ಹಣ ಸಾಗಿಸಲು ಹಲವೆಡೆ ಐದನೇ ಒಂದು ಭಾಗದವರೆಗೂ ತೆಗೆದುಕೊಳ್ಳುತ್ತಾರೆ. ದಾರಿಯಲ್ಲಿ ಪೊಲೀಸರಿಗೆ ಕೊಡುವ ಲಂಚವೂ ಆ ದರದೊಳಗೇ ಸೇರಿದೆ. ಆದರೂ ಜನ ಅವರ ಬಳಿಗೇ ಹೋಗುತ್ತಾರೆ, ಏಕೆಂದರೆ ಮಲಾಯಿಚಾ ಪಾಸ್‌ಪೋರ್ಟ್ ಕೇಳುವುದಿಲ್ಲ, ಹಳ್ಳಿಯ ಮನೆಯ ಬಾಗಿಲಿಗೇ ಮುಟ್ಟಿಸುತ್ತಾನೆ, ಮೋಸ ಮಾಡಿದರೆ ಅವನ ತಾಯಿಯ ಮನೆ ಎಲ್ಲಿದೆಯೆಂದು ಊರಿಗೇ ಗೊತ್ತು.

ಆ ಹಿಟ್ಟಿನಿಂದ ಏನು ಮಾಡುತ್ತಾರೆ?

ಸಾಡ್ಜಾ. ಬಿಳಿ ಮೆಕ್ಕೆಜೋಳದ ಹಿಟ್ಟನ್ನು ಕುದಿನೀರಿನಲ್ಲಿ ಮರದ ಕೋಲಿನಿಂದ ತೊಳಸಿ ಗಟ್ಟಿ ಮಾಡುತ್ತಾರೆ. ಮುದ್ದೆ ಉಂಡು ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ: ಕೈಯಲ್ಲಿ ಮುರಿದು, ಉಂಡೆ ಮಾಡಿ, ಸೊಪ್ಪಿನ ಪಲ್ಯಕ್ಕೋ ಸಾರಿಗೋ ಅದ್ದಿ ಬಾಯಿಗಿಡುತ್ತಾರೆ. ದಕ್ಷಿಣ ಆಫ್ರಿಕಾದಲ್ಲಿ ಇದರ ಹೆಸರು ಪಾಪ್, ಪೂರ್ವಕ್ಕೆ ಹೋದರೆ ಉಗಾಲಿ.

ಮೆಕ್ಕೆಜೋಳ ಅಮೆರಿಕ ಖಂಡದಿಂದ ಬಂದ ಬೆಳೆ. ಅದಕ್ಕೆ ಮುಂಚೆ ಈ ಭಾಗದಲ್ಲಿ ರಾಗಿ, ಜೋಳ, ಸಜ್ಜೆಗಳೇ ಇದ್ದವು. ನಮ್ಮ ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ಸೀಮೆ. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ಇಲ್ಲಿಗೆ ಬಂದಿತು. ಜಿಂಬಾಬ್ವೆಯ ಹಳ್ಳಿಗಳಲ್ಲಿ ಇಂದಿಗೂ ರಾಗಿ ಸಾಡ್ಜಾ ಮಾಡುತ್ತಾರೆ, ರಾಗಿಯಿಂದ ಬಿಯರ್ ಕೂಡ ಹುಳಿಹಾಕುತ್ತಾರೆ. ಮಳೆ ಕೈಕೊಟ್ಟಾಗ ಮೆಕ್ಕೆಜೋಳ ಒಣಗಿ ನಿಂತರೂ ರಾಗಿ ತುಸು ತಾಳಿಕೊಳ್ಳುತ್ತದೆ. ಹೀಗಿದ್ದೂ ಗಡಿಯಾಚೆಯಿಂದ ಬರುವ ಚೀಲದಲ್ಲಿ ರಾಗಿ ಇರುವುದಿಲ್ಲ, ಬಿಳಿ ಹಿಟ್ಟೇ ಇರುತ್ತದೆ.

ಕಳುಹಿಸುವವರು ಏನು ತಿನ್ನುತ್ತಾರೆ?

ಈ ಪ್ರಶ್ನೆಯನ್ನು ಕೇಳುವವರು ಕಡಿಮೆ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇದೇ.

ಊರಿಗೆ ಹೋಗುವ ಹಣವನ್ನು ವರದಿಗಳು ಉಳಿತಾಯ ಎಂಬಂತೆ ಬರೆಯುತ್ತವೆ. ಸಂಬಳ ಬಂತು, ಖರ್ಚು ಮಾಡಿದರು, ಮಿಕ್ಕಿದ್ದನ್ನು ಕಳುಹಿಸಿದರು ಎಂದು. ನಿಜದಲ್ಲಿ ಕ್ರಮ ತಿರುವುಮುರುವು. ಸಂಬಳದ ದಿನ ಮೊದಲು ಹೋಗುವುದು ಕೋಣೆಯ ಬಾಡಿಗೆ, ಮುಂದಿನ ತಿಂಗಳು ಕೆಲಸಕ್ಕೆ ಹೋಗಿಬರುವ ಮಿನಿಬಸ್ ಟ್ಯಾಕ್ಸಿಯ ಹಣ, ಊರಿನ ಪಾಲು. ಮಿಕ್ಕಿದ್ದು ಊಟಕ್ಕೆ. ಬಾಡಿಗೆಯವನು ಬಿಡುವುದಿಲ್ಲ, ಟ್ಯಾಕ್ಸಿಯವನು ಬಿಡುವುದಿಲ್ಲ, ಊರಿನಿಂದ ಫೋನ್ ಬರುತ್ತದೆ. ಹೊಟ್ಟೆಯೊಂದೇ ಸುಮ್ಮನಿರುತ್ತದೆ. ಆದ್ದರಿಂದ ಬೆಲೆ ಏರಿದಾಗ ಕಡಿತ ಬೀಳುವುದು ಅದಕ್ಕೇ.

ಲೆಕ್ಕವನ್ನೇ ನೋಡೋಣ. 2024ರಲ್ಲಿ ದಕ್ಷಿಣ ಆಫ್ರಿಕಾದ ಕನಿಷ್ಠ ಕೂಲಿ ಗಂಟೆಗೆ 27.58 ರಾಂಡ್. ದಿನಕ್ಕೆ ಎಂಟು ಗಂಟೆ, ತಿಂಗಳಿಗೆ 22 ದಿನ ದುಡಿದರೆ ಸುಮಾರು 4,850 ರಾಂಡ್. ಅದೇ ವರ್ಷ ಪೀಟರ್‌ಮಾರಿಟ್ಸ್‌ಬರ್ಗ್‌ನ ಒಂದು ಸಂಸ್ಥೆ ಬಡ ಬಡಾವಣೆಗಳ ಅಂಗಡಿಗಳಲ್ಲಿ ಪ್ರತಿ ತಿಂಗಳು ಲೆಕ್ಕ ಹಾಕುವ ಒಂದು ಕುಟುಂಬದ ದಿನಸಿ ಬುಟ್ಟಿಯ ಬೆಲೆ ಸುಮಾರು 5,300 ರಾಂಡ್. ಅಂದರೆ ಕನಿಷ್ಠ ಕೂಲಿ ಪೂರ್ತಿ ಸಿಕ್ಕರೂ ಒಂದು ಮನೆಯ ದಿನಸಿಗೇ ಸಾಲದು. ನಮ್ಮ ವಲಸಿಗನಿಗೆ ಮನೆ ಎರಡು. ಅವನಿಗೆ ಕನಿಷ್ಠ ಕೂಲಿ ಪೂರ್ತಿ ಸಿಗುತ್ತದೆಂಬ ಭರವಸೆಯೂ ಇಲ್ಲ. ಪರವಾನಗಿ ಇಲ್ಲದವನು ದೂರು ಕೊಡಲು ಎಲ್ಲಿಗೆ ಹೋದಾನು?

ಹಾಗಾದರೆ ತಟ್ಟೆಯಲ್ಲಿ ಏನಿರುತ್ತದೆ? ಪಾಪ್ ಮತ್ತು ಎಲೆಕೋಸು. ಸಂಬಳದ ವಾರ ಕೋಳಿ. ತಿಂಗಳ ನಡುವೆ ಕೋಳಿಯ ಕಾಲು, ತಲೆ, ಕರುಳು. ಕೊನೆಯ ವಾರ ಬ್ರೆಡ್ಡು, ಸಕ್ಕರೆ ಹಾಕಿದ ಚಹಾ. ಬೆಳಗಿನ ತಿಂಡಿ ಎಷ್ಟೋ ಮಂದಿಗೆ ಇಲ್ಲವೇ ಇಲ್ಲ. ಒಂದು ಕೋಣೆಯಲ್ಲಿ ನಾಲ್ಕೈದು ಮಂದಿ, ಫ್ರಿಜ್ ಇಲ್ಲ, ಒಂದೇ ಸೀಮೆಎಣ್ಣೆ ಸ್ಟವ್. ಹೀಗಿರುವಾಗ ಅಗ್ಗವೆಂದು ಒಟ್ಟಿಗೆ ತಂದಿಡಲೂ ಆಗುವುದಿಲ್ಲ; ಮೂಲೆಯಂಗಡಿಯಲ್ಲಿ ಸಣ್ಣ ಪೊಟ್ಟಣಗಳಲ್ಲಿ, ಕಿಲೊ ಲೆಕ್ಕದಲ್ಲಿ ದುಬಾರಿ ಬೆಲೆಗೆ ಕೊಳ್ಳಬೇಕು. ರಾತ್ರಿ ಪಾಳಿಯ ಕಾವಲುಗಾರನಂತೂ ಎಲ್ಲರೂ ಉಂಡ ಹೊತ್ತಿನಲ್ಲಿ ಮನೆಯಲ್ಲಿರುವುದಿಲ್ಲ.

ಕಡಿಮೆ ಕಳುಹಿಸಬಹುದಲ್ಲ ಎಂದು ಸಲಹೆ ಕೊಡುವುದು ಸುಲಭ. ಅತ್ತ ಅಜ್ಜಿಯ ಜೊತೆ ಬಿಟ್ಟುಬಂದ ಮಕ್ಕಳಿದ್ದಾರೆ, ಅವರ ಶಾಲೆಯ ಫೀಸು ಇದೆ. ಜೊತೆಗೆ ಮರ್ಯಾದೆಯ ಪ್ರಶ್ನೆ: ಜೋಹಾನ್ಸ್‌ಬರ್ಗ್‌ಗೆ ಹೋಗಿ ಬರಿಗೈಯಾದ ಮಗನ ಸುದ್ದಿ ಊರಿಡೀ ಹಬ್ಬುತ್ತದೆ. ಆದ್ದರಿಂದ ಫೋನಿನಲ್ಲಿ 'ಊಟ ಆಯಿತೇ?' ಎಂದು ಅಮ್ಮ ಕೇಳಿದರೆ ಉತ್ತರ ಯಾವಾಗಲೂ ಆಯಿತೆಂದೇ.

ಆಹಾರ ಭದ್ರತೆಯನ್ನು ಅಳೆಯುವುದು ಹೇಗೆ?

ಹೆಚ್ಚು ಬಳಕೆಯಲ್ಲಿರುವ ಒಂದು ವಿಧಾನದಲ್ಲಿ ಒಂಬತ್ತು ಪ್ರಶ್ನೆಗಳಿವೆ. ಕಳೆದ ನಾಲ್ಕು ವಾರಗಳಲ್ಲಿ ಮನೆಯಲ್ಲಿ ಊಟ ಸಾಲದೆಂದು ಚಿಂತೆಯಾಯಿತೇ, ಇಷ್ಟವಿಲ್ಲದ್ದನ್ನು ತಿನ್ನಬೇಕಾಯಿತೇ, ತುತ್ತು ಕಡಿಮೆ ಮಾಡಿದಿರಾ, ಒಂದು ಹೊತ್ತು ಬಿಟ್ಟಿರಾ, ಹಸಿದು ಮಲಗಿದಿರಾ, ಹಗಲು ರಾತ್ರಿ ಏನೂ ತಿನ್ನದೆ ಕಳೆದಿರಾ ಎಂದು ಕೇಳುತ್ತಾ ಹೋಗುತ್ತಾರೆ. ಇನ್ನೊಂದು ವಿಧಾನದಲ್ಲಿ ಹಿಂದಿನ ದಿನ ತಿಂದದ್ದು ಹನ್ನೆರಡು ಬಗೆಯ ಆಹಾರಗಳಲ್ಲಿ ಎಷ್ಟು ಬಗೆಗೆ ಸೇರುತ್ತದೆ ಎಂದು ಎಣಿಸುತ್ತಾರೆ. 2008ರ ಸುಮಾರಿಗೆ ಆಫ್ರಿಕಾದ ದಕ್ಷಿಣ ಭಾಗದ ಒಂಬತ್ತು ದೇಶಗಳ ಹನ್ನೊಂದು ನಗರಗಳ ಬಡ ಬಡಾವಣೆಗಳಲ್ಲಿ ನಡೆದ ಸಮೀಕ್ಷೆಯಲ್ಲಿ ನಾಲ್ಕರಲ್ಲಿ ಮೂರಕ್ಕೂ ಹೆಚ್ಚು ಮನೆಗಳಿಗೆ ಆಹಾರ ಭದ್ರತೆ ಇರಲಿಲ್ಲ. ಅಂಗಡಿಯಲ್ಲಿ ಆಹಾರ ಧಾರಾಳವಾಗಿತ್ತು, ಕೊಳ್ಳುವ ಶಕ್ತಿ ಇರಲಿಲ್ಲ.

ನನ್ನ ತಕರಾರು ಬೇರೆ. ಇಂಥ ಸಮೀಕ್ಷೆಗಳಿಗೆ 'ಮನೆ' ಎಂದರೆ ಒಂದೇ ಪಾತ್ರೆಯಿಂದ ಉಣ್ಣುವವರು. ಜಿಂಬಾಬ್ವೆಯ ಗ್ವಾಂಡಾ ಸೀಮೆಯ ಹಳ್ಳಿಯ ಅಜ್ಜಿ ಮತ್ತು ಮೊಮ್ಮಕ್ಕಳದು ಒಂದು ಮನೆ, ಜೋಹಾನ್ಸ್‌ಬರ್ಗ್‌ನ ಮಗಳದು ಇನ್ನೊಂದು ಮನೆ. ಹಳ್ಳಿಯಲ್ಲಿ ಸಮೀಕ್ಷೆ ಮಾಡಿದವರು ಹೊರಗಿನಿಂದ ಹಣ ಬರುವ ಮನೆಗಳು ಚೆನ್ನಾಗಿ ಉಣ್ಣುತ್ತಿವೆ ಎಂದು ಬರೆಯುತ್ತಾರೆ. ನಗರದಲ್ಲಿ ಮಾಡಿದವರು ವಲಸಿಗರು ಹಸಿದಿದ್ದಾರೆ ಎಂದು ಬರೆಯುತ್ತಾರೆ. ಎರಡೂ ನಿಜ. ಎರಡನ್ನೂ ಒಂದೇ ಸಂಸಾರದ ಲೆಕ್ಕವೆಂದು ಪಕ್ಕಪಕ್ಕ ಇಟ್ಟು ನೋಡಿದಾಗ, ಹಸಿವು ಕಡಿಮೆಯಾಗಿರುವುದಕ್ಕಿಂತ ಜಾಗ ಬದಲಿಸಿರುವುದೇ ಹೆಚ್ಚೆಂದು ತಿಳಿಯುತ್ತದೆ.

ಊರಿನಿಂದ ನಗರಕ್ಕೆ ಏನೂ ಬರುವುದಿಲ್ಲವೇ?

ಬರುತ್ತದೆ. ಖಾಲಿ ಟ್ರೈಲರ್ ಹಿಂದಿರುಗುವುದಿಲ್ಲ. ಒಣಗಿಸಿದ ಸೊಪ್ಪು, ಮನೆಯಲ್ಲೇ ಅರೆದ ಶೇಂಗಾ ಬೆಣ್ಣೆ, ರಾಗಿ ಹಿಟ್ಟು, ಕಪೆಂಟಾ ಎಂಬ ಸಣ್ಣ ಒಣಮೀನು, ಮೊಪಾನೆ ಮರದ ಹುಳುಗಳನ್ನು ಒಣಗಿಸಿದ್ದು. ಹುಳು ಎಂದು ಮುಖ ಸಿಂಡರಿಸುವವರು ಅದರ ಪ್ರೋಟೀನಿನ ಪ್ರಮಾಣವನ್ನೊಮ್ಮೆ ನೋಡಲಿ. ಮಲೆನಾಡಿನ ಕೆಂಜಿಗೆ ಚಟ್ನಿ ತಿಂದವರಂತೂ ಸಿಂಡರಿಸುವಂತಿಲ್ಲ. ಮಳೆ ಚೆನ್ನಾದ ವರ್ಷ ಈ ಗಂಟು ದೊಡ್ಡದಾಗುತ್ತದೆ, ತಿಂಗಳ ಕೊನೆಯ ವಾರವನ್ನು ದಾಟಿಸುತ್ತದೆ.

ಬಂದ ಹಣವನ್ನೆಲ್ಲ ತಿಂದು ಮುಗಿಸಿದರೆ ಅಭಿವೃದ್ಧಿ ಹೇಗಾಗುತ್ತದೆ?

ಈ ಪ್ರಶ್ನೆ ಕೇಳುವವರು ಸಾಮಾನ್ಯವಾಗಿ ಹೊಟ್ಟೆ ತುಂಬಿದವರು. ಮಗು ಹೊತ್ತಿಗೆ ಉಂಡು ಶಾಲೆಗೆ ಹೋಗುವುದು ಹೂಡಿಕೆಯೇ. ಹಣ ಬರುವ ಹಳ್ಳಿ ಮನೆಗಳು ಬೀಜ, ಗೊಬ್ಬರವನ್ನೂ ಅದರಿಂದಲೇ ಕೊಳ್ಳುತ್ತವೆ, ಕೂಲಿಯಾಳು ಕರೆಯುತ್ತವೆ.

ನೇರವಾಗಿ ಬೇಸಾಯಕ್ಕೇ ಹಣ ಹಾಕಿದ ಉದಾಹರಣೆ ಬೇಕಿದ್ದರೆ ಪಶ್ಚಿಮಕ್ಕೆ ಹೋಗಬೇಕು. ಮಾಲಿ ಮತ್ತು ಸುತ್ತಲಿನ ದೇಶಗಳಿಂದ ಫ್ರಾನ್ಸಿಗೆ ಕೂಲಿಗೆ ಹೋದವರಲ್ಲಿ ಕೆಲವರು, 1970ರ ದಶಕದ ಸಾಹೇಲ್ ಬರವನ್ನು ದೂರದಿಂದ ನೋಡಿ, ಅಲ್ಲಿಯೇ ರೈತರ ಬಳಿ ಕೆಲಸ ಕಲಿತು, ಹಿಂದಿರುಗಿ 1977ರಲ್ಲಿ ಮಾಲಿಯ ಕಾಯೆಸ್ ಬಳಿ ಸೆನೆಗಲ್ ನದಿಯ ದಂಡೆಯ ಮೇಲೆ ಸೊಮಾಂಕಿಡಿ ಕುರಾ ಎಂಬ ಸಹಕಾರಿ ಹಳ್ಳಿ ಕಟ್ಟಿದರು. ನೀರೆತ್ತಿ ತರಕಾರಿ, ಹಣ್ಣು ಬೆಳೆದರು. ಹಳ್ಳಿ ಇಂದಿಗೂ ಇದೆ. ಆದರೆ ಅವರಿಗೆ ನದಿ ಇತ್ತು, ಪಕ್ಕದಲ್ಲಿ ಜಮೀನು ಸಿಕ್ಕಿತು. ಪ್ರತಿ ವಲಸಿಗನೂ ಹಾಗೆ ಮಾಡಬೇಕೆಂದು ಉಪದೇಶಿಸುವುದು ಬೇಡ.

ಬರ ಬಂದರೆ ಏನಾಗುತ್ತದೆ?

2023–24ರ ಎಲ್ ನಿನೊ ಮಳೆಗಾಲವನ್ನೇ ನುಂಗಿತು. ಜಾಂಬಿಯಾ, ಮಲಾವಿ, ಜಿಂಬಾಬ್ವೆ ಒಂದರ ಹಿಂದೊಂದು ವಿಪತ್ತು ಘೋಷಿಸಿದವು. ಜಿಂಬಾಬ್ವೆ ಘೋಷಿಸಿದ್ದು 2024ರ ಏಪ್ರಿಲ್‌ನಲ್ಲಿ. ಸರ್ಕಾರದ ಧಾನ್ಯ ಹಳ್ಳಿಗೆ ತಲುಪುವ ಮೊದಲೇ ಜೋಹಾನ್ಸ್‌ಬರ್ಗ್‌ಗೆ ಫೋನ್ ತಲುಪುತ್ತದೆ. ಬರದ ವರ್ಷ ವಲಸಿಗ ಹೆಚ್ಚು ಕಳುಹಿಸಬೇಕು, ಆದರೆ ಅದೇ ಬರದಿಂದ ಅವನ ಊರಿನ ಹಿಟ್ಟಿನ ಬೆಲೆಯೂ ಅವನಿರುವ ಊರಿನ ಹಿಟ್ಟಿನ ಬೆಲೆಯೂ ಏರಿರುತ್ತವೆ.

ಈ ದಾರಿ ಮುಚ್ಚಿದರೆ ಏನಾದೀತೆಂಬ ಭಯವನ್ನು ಸೊಮಾಲಿಯಾ ಕಂಡಿದೆ. ಅಲ್ಲಿ ಬ್ಯಾಂಕುಗಳಿಗಿಂತ ಹವಾಲಾ ಕಚೇರಿಗಳೇ ಹಣ ಮುಟ್ಟಿಸುತ್ತವೆ. 2011ರ ಕ್ಷಾಮದಲ್ಲಿ ಸುಮಾರು ಎರಡೂವರೆ ಲಕ್ಷ ಜನ ಸತ್ತರು. ಎರಡೇ ವರ್ಷಕ್ಕೆ, 2013ರಲ್ಲಿ, ಬ್ರಿಟನ್ನಿನ ಬಾರ್ಕ್ಲೇಸ್ ಬ್ಯಾಂಕ್ ಹಣ ಅಕ್ರಮ ಕೈಗಳಿಗೆ ಸೇರಬಹುದೆಂಬ ಕಾರಣಕ್ಕೆ ದಹಬ್‌ಶೀಲ್ ಎಂಬ ದೊಡ್ಡ ಹವಾಲಾ ಸಂಸ್ಥೆಯ ಖಾತೆ ಮುಚ್ಚಹೊರಟಿತು. ಸೊಮಾಲಿ ಮೂಲದ ಬ್ರಿಟಿಷ್ ಓಟಗಾರ ಮೊ ಫರಾ ಸೇರಿದಂತೆ ಹಲವರು ದನಿಯೆತ್ತಿದರು, ವಿಷಯ ನ್ಯಾಯಾಲಯಕ್ಕೆ ಹೋಯಿತು. ಲಂಡನ್ನಿನ ಕಚೇರಿಯೊಂದರ ತೀರ್ಮಾನಕ್ಕೂ ಸೊಮಾಲಿ ನಗರ ಹರ್ಗೇಸಾದ ಒಲೆಗೂ ಇರುವ ನಂಟು ಅಷ್ಟು ಹತ್ತಿರದ್ದು.

ದಕ್ಷಿಣ ಆಫ್ರಿಕಾದ ಸರ್ಕಾರ ವಲಸಿಗರಿಗೆ ಪಡಿತರ ಕೊಡುವುದಿಲ್ಲವೇ?

ನಮ್ಮಂತೆ ಪಡಿತರ ಚೀಟಿಯ ವ್ಯವಸ್ಥೆ ಅಲ್ಲಿ ಇಲ್ಲ. ಮಕ್ಕಳ ಭತ್ಯೆ, ವೃದ್ಧರ ಪಿಂಚಣಿಯಂಥ ನಗದು ನೆರವುಗಳಿವೆ. ತಾತ್ಕಾಲಿಕ ಪರವಾನಗಿಯವರಿಗೆ ಅವು ಸಿಗುವುದಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಕೊಟ್ಟ ತಿಂಗಳಿಗೆ 350 ರಾಂಡ್ ನೆರವಿನಿಂದಲೂ ಆಶ್ರಯ ಕೋರಿ ಬಂದವರನ್ನು, ಜಿಂಬಾಬ್ವೆಯಂಥ ಕೆಲವು ದೇಶದವರಿಗೆಂದೇ ಕೊಟ್ಟ ವಿಶೇಷ ಪರವಾನಗಿ ಇದ್ದವರನ್ನು ಹೊರಗಿಟ್ಟರು. ಸ್ಕಾಲಬ್ರಿನಿ ಕೇಂದ್ರ ಎಂಬ ಸಂಸ್ಥೆ ಮೊಕದ್ದಮೆ ಹೂಡಿ, ಅದೇ ಜೂನ್‌ನಲ್ಲಿ ಪ್ರಿಟೋರಿಯಾದ ಹೈಕೋರ್ಟ್ ಅವರನ್ನೂ ಸೇರಿಸುವಂತೆ ಆದೇಶಿಸಿತು.

ವಿದೇಶಿಯರು ಸ್ಥಳೀಯರ ಅನ್ನ ಕಸಿಯುತ್ತಿದ್ದಾರೆ ಎನ್ನುತ್ತಾರಲ್ಲ?

ಎನ್ನುತ್ತಾರೆ, ಅಷ್ಟಕ್ಕೇ ಬಿಡುವುದೂ ಇಲ್ಲ. 2008ರ ಮೇ ತಿಂಗಳಲ್ಲಿ ಜೋಹಾನ್ಸ್‌ಬರ್ಗ್‌ನ ಅಲೆಕ್ಸಾಂಡ್ರಾದಲ್ಲಿ ಹೊತ್ತಿದ ಹಿಂಸೆ ದೇಶಕ್ಕೆ ಹರಡಿ 62 ಮಂದಿ ಸತ್ತರು. ಅವರಲ್ಲಿ ಮೂರನೇ ಒಂದು ಭಾಗ ದಕ್ಷಿಣ ಆಫ್ರಿಕಾದವರೇ. 2015ರಲ್ಲಿ ಡರ್ಬನ್, 2019ರಲ್ಲಿ ಮತ್ತೆ ಜೋಹಾನ್ಸ್‌ಬರ್ಗ್. ಪ್ರತಿ ಸಲವೂ ಮೊದಲು ಲೂಟಿಯಾಗುವುದು ಸ್ಪಾಜಾ ಎಂದು ಕರೆಯುವ ಮೂಲೆಯಂಗಡಿಗಳು.

ಆ ಅಂಗಡಿಗಳಲ್ಲಿ ಬಹಳಷ್ಟನ್ನು ನಡೆಸುವವರು ಸೊಮಾಲಿಯಾ, ಇಥಿಯೋಪಿಯಾದವರು. ಹಲವರು ಸೇರಿ ಸಗಟು ಬೆಲೆಗೆ ಕೊಂಡು, ಬೆಳಗಿನ ಜಾವದಿಂದ ತಡರಾತ್ರಿಯವರೆಗೆ ಕಂಬಿಯ ಹಿಂದೆ ಕುಳಿತು, ಒಂದೇ ಮೊಟ್ಟೆ, ಅರ್ಧ ಬ್ರೆಡ್ಡು, ಒಂದು ಲೋಟ ಸಕ್ಕರೆ ಮಾರುತ್ತಾರೆ, ಗುರುತಿದ್ದವರಿಗೆ ಸಾಲವನ್ನೂ ಕೊಡುತ್ತಾರೆ. ದಿನಗೂಲಿಯವರ ಸಂಜೆಯ ಊಟ ಇಂಥ ಅಂಗಡಿಯಿಂದಲೇ ಆಗಬೇಕು. ದರೋಡೆಗೆ ಮೊದಲು ಸಿಗುವವರೂ ಈ ಅಂಗಡಿಯವರೇ. 2024ರ ಅಕ್ಟೋಬರ್‌ನಲ್ಲಿ ಸೊವೆಟೊದ ನಲೇಡಿಯಲ್ಲಿ ಕೀಟನಾಶಕ ಬೆರೆತ ತಿಂಡಿ ತಿಂದು ಆರು ಮಕ್ಕಳು ಸತ್ತಾಗ ದೇಶದ ಎಲ್ಲ ಸ್ಪಾಜಾಗಳೂ ಹೊಸದಾಗಿ ನೋಂದಾಯಿಸಬೇಕೆಂಬ ಆದೇಶ ಬಂತು. ನಿಷೇಧಕ್ಕೆ ಯೋಗ್ಯವಾದ ವಿಷ ಬೀದಿಯಲ್ಲಿ ಇಲಿಪಾಷಾಣವೆಂದು ಬಿಡಿಬಿಡಿಯಾಗಿ ಮಾರಾಟವಾಗುತ್ತಿತ್ತು. ಅದರ ಮೇಲೆ ಬೀಳಬೇಕಾದ ಸಿಟ್ಟಿನ ಬಹುಪಾಲು ವಿದೇಶಿ ಅಂಗಡಿಯವರ ಮೇಲೆ ಬಿತ್ತು.

ಜಿಂಬಾಬ್ವೆ ಸರ್ಕಾರಕ್ಕೆ ಈ ದಿನಸಿ ಬರುವುದು ಇಷ್ಟವೇ?

ಡಾಲರ್ ಬಂದರೆ ಇಷ್ಟ, ಸಾಮಾನು ಬಂದರೆ ಅಷ್ಟಕ್ಕಷ್ಟೆ. 2016ರಲ್ಲಿ ಸ್ವದೇಶಿ ಕಾರ್ಖಾನೆಗಳನ್ನು ಉಳಿಸುವ ಹೆಸರಿನಲ್ಲಿ ಶೇಂಗಾ ಬೆಣ್ಣೆ, ಜಾಮ್, ಕಾಫಿಗೆ ಹಾಕುವ ಕ್ರೀಮಿನ ಪುಡಿಯಂಥ ವಸ್ತುಗಳನ್ನು ಪರವಾನಗಿ ಇಲ್ಲದೆ ತರುವಂತಿಲ್ಲ ಎಂದಿತು. ಜುಲೈ 1ರಂದು ಬೈಟ್‌ಬ್ರಿಜ್‌ನಲ್ಲಿ ಜನ ರೊಚ್ಚಿಗೆದ್ದು ಸುಂಕದವರ ಗೋದಾಮಿಗೆ ಬೆಂಕಿ ಹಚ್ಚಿದರು. ಅಂದಿನಿಂದ ನಿಯಮಗಳನ್ನು ಸಡಿಲಿಸುವುದು, ಮತ್ತೆ ಬಿಗಿ ಮಾಡುವುದು ನಡೆದೇ ಇದೆ.

ದುಡಿಯಲು ಹೋಗುವವರು ಗಂಡಸರೇ?

ಹಿಂದೆ ಹೌದು. 1990ರ ಸುಮಾರಿಗೆ ಪುಟ್ಟ ಲೆಸೊಥೊದಿಂದಲೇ ಒಂದು ಲಕ್ಷಕ್ಕೂ ಹೆಚ್ಚು ಗಂಡಸರು ದಕ್ಷಿಣ ಆಫ್ರಿಕಾದ ಗಣಿಗಳಲ್ಲಿದ್ದರು. ಗಣಿಗಳು ಅವರಲ್ಲಿ ಬಹಳಷ್ಟು ಮಂದಿಯನ್ನು ಹಿಂದಕ್ಕೆ ಕಳುಹಿಸಿದ ಮೇಲೆ ಹೆಂಗಸರು ಮನೆಗೆಲಸಕ್ಕೆ, ತೋಟಗಳಿಗೆ, ಹೊಲಿಗೆ ಕಾರ್ಖಾನೆಗಳಿಗೆ ಹೊರಟರು. ಜಿಂಬಾಬ್ವೆಯಿಂದ ಈಗ ಹೆಂಗಸರೂ ದೊಡ್ಡ ಸಂಖ್ಯೆಯಲ್ಲಿ ಬರುತ್ತಾರೆ. ಕಡಿಮೆ ಸಂಬಳದಲ್ಲಿಯೂ ತಪ್ಪದೆ ಕಳುಹಿಸುವವರು ಅವರು.

ಬೆಂಗಳೂರಿನಲ್ಲಿರುವ ಆಫ್ರಿಕನ್ನರದೂ ಇದೇ ಕಥೆಯೇ?

ಬಹುಮಟ್ಟಿಗೆ ತದ್ವಿರುದ್ಧ. ಹೆಣ್ಣೂರು, ಕೊತ್ತನೂರು, ಕಮ್ಮನಹಳ್ಳಿ ಕಡೆ ಇರುವವರಲ್ಲಿ ಅನೇಕರು ವಿದ್ಯಾರ್ಥಿಗಳು. ವಿದ್ಯಾರ್ಥಿ ವೀಸಾದಲ್ಲಿ ದುಡಿಯುವಂತಿಲ್ಲ, ಆದ್ದರಿಂದ ಹಣ ಅತ್ತಲಿಂದ ಇತ್ತ ಬರಬೇಕು. 2023ರ ಜೂನ್‌ನಲ್ಲಿ ನೈಜೀರಿಯಾ ತನ್ನ ನೈರಾವನ್ನು ಮಾರುಕಟ್ಟೆಗೆ ಬಿಟ್ಟಿತು. ಅದಕ್ಕೆ ಮುಂಚೆ ಒಂದು ಡಾಲರ್‌ಗೆ ಸುಮಾರು 460 ನೈರಾ ಇದ್ದದ್ದು 2024ರಲ್ಲಿ 1,500ರ ಆಸುಪಾಸಿಗೆ ಹೋಯಿತು. ಲಾಗೋಸ್‌ನ ತಂದೆ ಅಷ್ಟೇ ನೈರಾ ಕಳುಹಿಸಿದರೆ ಬೆಂಗಳೂರಿನ ಮಗನ ಕೈಗೆ ಬರುವ ರೂಪಾಯಿ ಮೂರನೇ ಒಂದಕ್ಕೆ ಇಳಿಯಿತು. ಬಾಡಿಗೆ ಇಳಿಯಲಿಲ್ಲ.

ಇದರಲ್ಲಿ ಬೇಗ ಸರಿಪಡಿಸಬಹುದಾದದ್ದು ಯಾವುದು?

ಮೊದಲನೆಯದು ಶುಲ್ಕ. 2030ರೊಳಗೆ ಹಣ ಕಳುಹಿಸುವ ವೆಚ್ಚ ಶೇ. 3ಕ್ಕೆ ಇಳಿಯಬೇಕೆಂದು ವಿಶ್ವಸಂಸ್ಥೆಯ ಗುರಿಗಳಲ್ಲಿದೆ. 2023ರ ಸುಮಾರಿಗೆ ದಕ್ಷಿಣ ಆಫ್ರಿಕಾದಿಂದ ಕಳುಹಿಸಲು ಸರಾಸರಿ ಶೇ. 12ಕ್ಕೂ ಹೆಚ್ಚು ತಗಲುತ್ತಿತ್ತು. ಜಿ–20 ದೇಶಗಳಲ್ಲಿಯೇ ಅತಿ ದುಬಾರಿ. 500 ರಾಂಡ್‌ಗೆ 60 ರಾಂಡ್ ಹೋದರೆ ಅದು ಹಲವು ಹೊತ್ತಿನ ಹಿಟ್ಟಿನ ಬೆಲೆ.

ಆದರೆ ಶುಲ್ಕಕ್ಕಿಂತ ಪರವಾನಗಿ ಮುಖ್ಯವೆಂದು ನನಗನ್ನಿಸುತ್ತದೆ. ಕಾಗದವಿದ್ದವನು ಬ್ಯಾಂಕಿಗೆ ಹೋಗಬಲ್ಲ, ಕನಿಷ್ಠ ಕೂಲಿ ಕೇಳಬಲ್ಲ, ಬಸ್ಸಿನಲ್ಲಿ ಊರಿಗೆ ಹೋಗಿ ಬರಬಲ್ಲ. ಲಿಂಪೊಪೊ ದಾಟುವಾಗ ಗುಮಾಗುಮಾ ಎಂಬ ದರೋಡೆಕೋರರ ಕೈಗೆ ಸಿಗಬೇಕಿಲ್ಲ. 2010ರಲ್ಲಿ ದಕ್ಷಿಣ ಆಫ್ರಿಕಾ ಜಿಂಬಾಬ್ವೆಯವರಿಗೆಂದೇ ವಿಶೇಷ ಪರವಾನಗಿ ಕೊಟ್ಟಾಗ ಸುಮಾರು 2,45,000 ಮಂದಿಗೆ ಸಿಕ್ಕಿತು. ಹೆಸರು ಬದಲಿಸಿಕೊಂಡು ಬಂದ ಅದರ ಮುಂದಿನ ರೂಪದಲ್ಲಿ ಉಳಿದವರು ಸುಮಾರು 1,78,000. 2021ರಲ್ಲಿ ಸರ್ಕಾರ ಅದನ್ನೂ ಕೊನೆಗೊಳಿಸುವುದಾಗಿ ಹೇಳಿತು. 2023ರ ಜೂನ್‌ನಲ್ಲಿ ಹೈಕೋರ್ಟ್, ಸಂಬಂಧಪಟ್ಟವರ ಮಾತು ಕೇಳದೆ ತೆಗೆದುಕೊಂಡ ಆ ನಿರ್ಧಾರ ಕಾನೂನಿಗೆ ಒಪ್ಪುವುದಿಲ್ಲವೆಂದು ತೀರ್ಪು ಕೊಟ್ಟಿತು. ಆಮೇಲಿನದೆಲ್ಲ ಒಂದೊಂದು ಅವಧಿಯ ವಿಸ್ತರಣೆ. ಹದಿನೈದು ವರ್ಷ ತೆರಿಗೆ ಕಟ್ಟಿದ ಶಿಕ್ಷಕಿಯೂ ಮುಂದಿನ ಗಡುವಿನ ಸುತ್ತೋಲೆಗೆ ಕಾಯುತ್ತಾಳೆ. ಗಡುವು ಹತ್ತಿರವಾದಂತೆ ಬ್ಯಾಂಕುಗಳು ಖಾತೆದಾರರ ಪರವಾನಗಿಯ ದಿನಾಂಕ ಕೇಳತೊಡಗುತ್ತವೆ.